ಮಣ್ಣು ತಿನ್ನುವ ಚಿಗವ್ವನ ಗೊಂಬೆ

ನಮ್ಮ ಮನೆಯಲ್ಲಿ ಉಣ್ಣಲು ಕೂಡುವ ಸರದಿ ಒಂದು ದಿನವೂ ತಪ್ಪಿದ್ದು ನನಗೆ ನೆನಪಿಲ್ಲ. ಮೊದಲು ಪಡಸಾಲೆಯಲ್ಲಿ ಅಪ್ಪ, ಕಾಕಾ, ಹೊತ್ತಿಗೆ ಸರಿಯಾಗಿ ಬಂದವರು ಯಾರಾದರೂ ಇದ್ದರೆ ಅವರು. ಅವರು ಕೈ ತೊಳೆದ ಮೇಲೆ ನಾನು, ನನ್ನ ಇಬ್ಬರು ತಮ್ಮಂದಿರು. ಆಮೇಲೆ ಆಯಿ, ಅಂದರೆ ಅಪ್ಪನ ತಾಯಿ. ಆಯಿಯ ಹಿಂದೆ ಅವ್ವ. ಕಟ್ಟಕಡೆಗೆ ಚಿಗವ್ವ, ಕಾಕಾನ ಹೆಂಡತಿ ಪಾರವ್ವ. ಕೊಣ್ಣೂರಿನ ಆ ಮನೆಗೆ ಬಡತನವೇನೂ ಇರಲಿಲ್ಲ. ಹೊಳೆಯ ಕಡೆ ಕಬ್ಬು, ಮೇಲಿನ ಹೊಲದಲ್ಲಿ ಜೋಳ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಬಂದವರು ಉಣ್ಣದೆ ಹೋಗಬಾರದು ಎಂಬುದು ಆಯಿಯ ಹಟ. ಹೊತ್ತಲ್ಲದ ಹೊತ್ತಿನಲ್ಲಿ ಜಂಗಮರು ಬಂದರೂ, ಹಾದಿ ತಪ್ಪಿದ ಕುರಿಯವರು ಬಂದರೂ ಪಡಸಾಲೆಯಲ್ಲಿ ತಾಟು ಬೀಳುತ್ತಿತ್ತು. ಆದರೆ ಜೋಳದ ಹಿಟ್ಟನ್ನು ಮಾತ್ರ ಆಯಿ ಬೆಳಿಗ್ಗೆ ಒಮ್ಮೆ ತನ್ನ ಕೈಯಿಂದಲೇ ಅಳೆದು ಕೊಡುತ್ತಿದ್ದಳು. ಆಮೇಲೆ ಎಷ್ಟು ಮಂದಿ ಬಂದರೂ ಹಿಟ್ಟಿನ ಡಬ್ಬಿಯ ಮುಚ್ಚಳ ತೆರೆಯುತ್ತಿರಲಿಲ್ಲ. ಬಂದವರ ರೊಟ್ಟಿ ಯಾರ ಪಾಲಿನಿಂದ ಹೋಗುತ್ತಿತ್ತು ಎಂದು ನಾನು ಆಗ ಯೋಚಿಸಿದವಳಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳು ಚಿಗವ್ವ. ಕೆಂಡ ತಣ್ಣಗಾಗುತ್ತ ಬಂದಾಗ ಬೇಯುವ ಕೊನೆಯ ರೊಟ್ಟಿ ಮೆತ್ತಗೆ ಉಬ್ಬುತ್ತದೆ. ಅದಕ್ಕೆ ಎಣ್ಣೆ ಸವರಿ ಶೇಂಗಾ ಚಟ್ನಿ ಹಾಕಿಸಿಕೊಂಡು ತಿನ್ನುವುದೆಂದರೆ ನನಗೆ ಪ್ರಾಣ. ಆಗಲೇ ಉಂಡಿದ್ದರೂ ಆಟ ಬಿಟ್ಟು ಓಡಿ ಬಂದು ಚಿಗವ್ವನ ಮುಂದೆ ಕೈ ಒಡ್ಡುತ್ತಿದ್ದೆ. ಅವಳು ಒಂದು ದಿನವೂ ಇಲ್ಲ ಎನ್ನಲಿಲ್ಲ.

ನನ್ನ ಕೈಗೆ ಮಣ್ಣು ಹತ್ತಿಸಿದವಳು ಆಯಿ. ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದಿಂದ ಎರೆಮಣ್ಣು ತಂದು, ಕಲ್ಲು ಆರಿಸಿ, ಹತ್ತಿಯ ಎಳೆ ಬೆರೆಸಿ ನಾದಿ, ಜೋಡೆತ್ತು ಮಾಡುವುದನ್ನು ಅವಳು ನನಗೆ ಆರನೆಯ ವರ್ಷಕ್ಕೇ ಕಲಿಸಿದ್ದಳು. ಊರಿನ ಉಳಿದವರ ಎತ್ತುಗಳೆಲ್ಲ ಒಂದೇ ಥರ ಇರುತ್ತಿದ್ದವು: ನಾಲ್ಕು ಕಾಲು, ಎರಡು ಕೊಂಬು. ಆಯಿ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದಳು. ಎತ್ತು ಮಲಗುವಾಗ ಮುಂದಿನ ಕಾಲು ಮೊದಲು ಮಡಚುತ್ತದೋ ಹಿಂದಿನದೋ, ಮೆಲುಕು ಹಾಕುವಾಗ ಕಿವಿ ಎತ್ತ ಬೀಳುತ್ತದೆ, ನೊಗ ಹೊತ್ತ ಹೆಗಲು ಯಾವ ಕಡೆ ಹೆಚ್ಚು ದಪ್ಪ, ಎಲ್ಲ ಕೇಳುತ್ತಿದ್ದಳು. ಹೇಳಲು ಬರದಿದ್ದರೆ ಅಂದು ಮಣ್ಣು ಮುಟ್ಟಲು ಬಿಡುತ್ತಿರಲಿಲ್ಲ. ಅವಳದೊಂದು ಮಾತಿತ್ತು:

"ಕಣ್ಣ ಉಂಡದ್ದ ಕೈ ಕಕ್ಕಬೇಕ, ಸುಮಿ. ಕಣ್ಣ ಉಪಾಸ ಇದ್ರ ಕೈಯಾಗ ಏನೂ ಬರೂದಿಲ್ಲ."

ಹೀಗೆ ನಾನು ಮನೆಯಲ್ಲಿರುವುದನ್ನೆಲ್ಲ ನೋಡಲು ಕಲಿತೆ. ಬಾಚಣಿಕೆ ಒತ್ತಿದರೆ ಮಳೆಗೆ ತೊಯ್ದ ಕುರಿಯ ಉಣ್ಣೆ ಮೂಡುತ್ತದೆ, ಜೀರಿಗೆ ಚುಚ್ಚಿದರೆ ಮುದುಕಿಯ ಸಣ್ಣ ಕಣ್ಣಾಗುತ್ತದೆ, ಕುಸುಬಿ ಕಾಳು ಸಾಲಾಗಿ ಇಟ್ಟರೆ ಹಲ್ಲು, ಗುಲಗಂಜಿ ಕುಂಕುಮದ ಬೊಟ್ಟು. ಒಣಗಿದ ಬದನೆಯ ತೊಟ್ಟು ಒಳ್ಳೆಯ ರುಮಾಲಾಗುತ್ತಿತ್ತು. ಒಂದು ಸಲ ಅಪ್ಪನ ಗೆಳೆಯರೊಬ್ಬರ ಗುಂಗುರು ಕೂದಲು ಮಾಡಲು ಏನೂ ಸಿಗದೆ, ಅವ್ವನ ಶ್ಯಾವಿಗೆ ಒರಳಿಗೆ ಎರೆಮಣ್ಣು ತುಂಬಿ ಒತ್ತಿಬಿಟ್ಟೆ. ಕೂದಲು ಬಹಳ ಚೆನ್ನಾಗಿ ಬಂತು. ಅವ್ವ ಒಲೆಯ ಪಕ್ಕದ ಊದುಗೊಳವೆ ತೆಗೆದುಕೊಂಡು ಬಂದಳು. ಆಯಿ ಅಡ್ಡ ನಿಂತು, ಒರಳು ತೊಳೆದರೆ ಹೋಗುತ್ತದೆ, ಇಂಥ ಕೈ ಮತ್ತೊಮ್ಮೆ ಬರುವುದಿಲ್ಲ ಎಂದು ಅವ್ವನನ್ನೇ ಬೈದಳು. ಆ ಒರಳನ್ನು ತೊಳೆದು, ಕಡ್ಡಿಯಿಂದ ತೂತು ತೂತು ಚುಚ್ಚಿ ಮಣ್ಣು ತೆಗೆದವಳು ಚಿಗವ್ವ. ಅಂದಿನಿಂದ ನನಗೊಂದು ಸೊಕ್ಕು ಬಂತು. ಗೊಂಬೆ ಚೆನ್ನಾಗಿ ಬರುವುದಾದರೆ ನಾನು ಏನನ್ನೂ ತೆಗೆದುಕೊಳ್ಳಬಹುದು, ಯಾರನ್ನೂ ನೋಡಬಹುದು.

ನನ್ನ ಮಣ್ಣು ಹಿತ್ತಲಲ್ಲಿ, ಹುಲ್ಲಿನ ಬಣವೆಯ ಮರೆಯಲ್ಲಿ, ಒಡಕು ಗಡಿಗೆಯೊಂದರಲ್ಲಿ ಹಸಿ ಗೋಣಿತಾಟು ಮುಚ್ಚಿಕೊಂಡು ಇರುತ್ತಿತ್ತು. ನನಗೆ ಹನ್ನೆರಡು ತುಂಬಿದ ವರ್ಷ, ಬಚ್ಚಲಮನೆಯ ಕಿಂಡಿಯಿಂದ ಒಂದು ಮಧ್ಯಾಹ್ನ ಹಿತ್ತಲ ಕಡೆ ನೋಡಿದಾಗ ಚಿಗವ್ವ ಆ ಗಡಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಆಚೆ ಈಚೆ ನೋಡಿದಳು. ಗೋಣಿತಾಟು ಸರಿಸಿ, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಉಳಿದ ಬೆರಳಿನಿಂದ ಒಂದು ಚೂರು ಮಣ್ಣು ಕಿತ್ತು ಬಾಯಿಗಿಟ್ಟುಕೊಂಡಳು. ಸೆರಗಿನ ತುದಿಯಿಂದ ತುಟಿ ಮುಚ್ಚಿ, ಕುತ್ತಿಗೆ ಒಂದು ಕಡೆ ಓರೆ ಮಾಡಿ, ಕಣ್ಣು ಮುಚ್ಚಿದಳು. ಮಳೆ ಬಿದ್ದ ಮೊದಲ ದಿನ ಮಣ್ಣಿನ ವಾಸನೆ ಎಳೆದುಕೊಳ್ಳುವವರ ಮುಖ ಹೇಗಿರುತ್ತದೆಯೋ ಹಾಗಿತ್ತು ಅವಳ ಮುಖ. ಮರುದಿನವೂ ಬಂದಳು, ಅದರ ಮರುದಿನವೂ. ನಾನು ದಿನಾ ಕಿಂಡಿಗೆ ಕಣ್ಣು ಹಚ್ಚಿ ಕಾದೆ. ಆ ಮಡಚಿದ ಹೆಬ್ಬೆರಳು, ಸೆರಗಿನ ನೆರಿಗೆ, ಹಿಮ್ಮಡಿಯ ಮೇಲೆ ಬಿದ್ದ ಭಾರ, ಎಲ್ಲವನ್ನೂ ಆಯಿ ಕಲಿಸಿದಂತೆ ಕಣ್ಣಿನಿಂದ ಅಳೆದುಕೊಂಡೆ. ಯಾಕೆ ತಿನ್ನುತ್ತಾಳೆ ಎಂದು ಮಾತ್ರ ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಅಮಾವಾಸ್ಯೆ ಮುಗಿದ ಮೇಲಿನ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನಿಂದ ಗುಳ್ಳವ್ವ ದೇವಿಯನ್ನು ಮಾಡಿ ಕೂಡಿಸಿ, ಸುತ್ತ ಬೀಸುಕಲ್ಲು, ಬಾವಿ, ದನಕರು ಎಲ್ಲ ಮಾಡಿಟ್ಟು ಸಂಜೆ ಆರತಿ ಬೆಳಗುವುದು ನಮ್ಮ ಕಡೆಯ ರೂಢಿ. ಓಣಿಯ ಹೆಣ್ಣುಮಕ್ಕಳು ಮನೆಯಿಂದ ಮನೆಗೆ ಹೋಗಿ ಯಾರ ಗುಳ್ಳವ್ವ ಚಂದ ಎಂದು ನೋಡುತ್ತಾರೆ. ಆ ವರ್ಷದ ಎರಡನೆಯ ಮಂಗಳವಾರ ನಾನು ಗುಳ್ಳವ್ವನ ಪಕ್ಕದಲ್ಲಿ ಗೇಣುದ್ದದ ಒಂದು ಗೊಂಬೆಯನ್ನು ಇಟ್ಟೆ. ಗಡಿಗೆಯ ಮುಂದೆ ಕೂತ ಹೆಂಗಸು, ಬಾಯಿಗೆ ಹೋಗುತ್ತಿರುವ ಕೈ. ಈಗ ಐವತ್ತು ದಾಟಿದ ಮೇಲೂ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಗೊಂಬೆಯನ್ನು ನಾನು ಆಮೇಲೆ ಮಾಡಿಲ್ಲ. ಪಡಸಾಲೆ ತುಂಬ ಹೆಂಗಸರಿದ್ದರು. ಚಿಗವ್ವ ಅವರಿಗೆ ಅರಿಸಿನ ಕುಂಕುಮ ಕೊಡುತ್ತಿದ್ದಳು. ಮೊದಲು ನೋಡಿದ್ದು ಎದುರುಮನೆಯ ಅಕ್ಕವ್ವ. ಬಗ್ಗಿ ನೋಡಿದಳು, ಚಿಗವ್ವನ ಕಡೆ ನೋಡಿದಳು, ಮತ್ತೆ ಬಗ್ಗಿದಳು.

"ಇದ ನಿಮ್ಮ ಪಾರವ್ವ ಅಲ್ಲೇನ? ಮಣ್ಣ ತಿನ್ನಾಕತ್ತಾಳ ನೋಡ್ರಿ."

ಪಡಸಾಲೆಯಲ್ಲಿ ನಗೆ ಎದ್ದಿತು. ಒಬ್ಬರ ಹಿಂದೆ ಒಬ್ಬರು ಬಗ್ಗಿ ನೋಡಿ ನಕ್ಕರು. ಮೂಗಿನ ಓರೆಯಿಂದ ಹಿಡಿದು ಕೂತ ಭಂಗಿಯವರೆಗೆ ಗುರುತು ಸಿಗದಿರುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಚಿಗವ್ವನ ಕೈಯಲ್ಲಿದ್ದ ಕುಂಕುಮದ ಬಟ್ಟಲು ಹಾಗೇ ನಿಂತಿತು. ಆಮೇಲೆ ನಗೆಯ ನಡುವೆ ಯಾರೋ ಒಬ್ಬ ಹಿರಿಯಳು, ಮದುವೆಯಾದ ಹೆಂಗಸು ಮಣ್ಣು ತಿಂದರೆ ಅದಕ್ಕೆ ಒಂದೇ ಅರ್ಥ ಎಂದಳು. ನಗೆ ಬೇರೆಯಾಯಿತು. ಮದುವೆಯಾಗಿ ಐದು ವರ್ಷವಾದರೂ ಚಿಗವ್ವನಿಗೆ ಮಕ್ಕಳಾಗಿರಲಿಲ್ಲ. ಆಯಿ ಗೋಡೆ ಹಿಡಿದು ಎದ್ದು ಬಂದು ಗೊಂಬೆಯನ್ನು ನೋಡಿದಳು. ಸೊಸೆಯ ಗದ್ದ ಹಿಡಿದು ಎತ್ತಿ ಕೇಳಿದಳು:

"ಖರೇನ, ಪಾರಿ?"

ಚಿಗವ್ವ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ತಲೆ ತಗ್ಗಿಸಿದಳು. ತಲೆ ತಗ್ಗಿಸಿದರೆ ಹೌದು ಎಂದೇ ಎಲ್ಲರೂ ತಿಳಿದರು. ಆಯಿ ಬಂದವರಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಗೊಂಬೆಯನ್ನು ತೆಗೆದು ದೇವರ ಜಗಲಿಯ ಪಕ್ಕದ ಗೂಡಿನಲ್ಲಿಟ್ಟು, ಈ ಸುದ್ದಿ ಮೊದಲು ಹೇಳಿದ್ದು ನನ್ನ ಮೊಮ್ಮಗಳ ಕೈ ಎಂದು ಬಂದವರ ಮುಂದೆಲ್ಲ ಹೇಳಿದಳು.

ಅಂದಿನಿಂದ ನಮ್ಮ ಮನೆಯ ಸರದಿ ತಲೆಕೆಳಗಾಯಿತು. ಚಿಗವ್ವನಿಗೆ ಎಲ್ಲರಿಗಿಂತ ಮೊದಲು ತಾಟು. ಬಿಸಿ ರೊಟ್ಟಿಯ ಮೇಲೆ ತುಪ್ಪ, ತುಂಬಿದ ಬಟ್ಟಲು ಕೆನೆಮೊಸರು, ಸಂಜೆಗೆ ಬೇಸನ್ ಉಂಡಿ. ಕಾಕಾ ಗೋಕಾಕಕ್ಕೆ ಹೋದಾಗ ಕರದಂಟು ತಂದು, ಎಲ್ಲರ ಮುಂದೆ ಕೊಡಲು ನಾಚಿ, ಅಡುಗೆಮನೆಯ ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದರು. ಚಿಗವ್ವ ಉಣ್ಣುವುದನ್ನು ನಾನು ಆಗ ಮೊದಲ ಸಲ ನೋಡಿದೆ. ಅವಳು ಮಾತಾಡದೆ, ತಲೆ ಎತ್ತದೆ, ತಾಟಿನ ಅಂಚಿಗೆ ಹತ್ತಿದ ಪಲ್ಯವನ್ನೂ ಬಿಡದೆ ಉಣ್ಣುತ್ತಿದ್ದಳು. ಎರಡು ವಾರದಲ್ಲಿ ಅವಳ ಕೆನ್ನೆಗೆ ಬಣ್ಣ ಬಂತು. ಒಲೆಯ ಮುಂದಿನ ಕೆಲಸವೆಲ್ಲ ಅವ್ವನ ಮೇಲೆ ಬಿತ್ತು. ಅವ್ವ ಸುಮ್ಮನಿರುವವಳಲ್ಲ. ತಾನು ಮೂರು ಹೆತ್ತಾಗ ಯಾರೂ ಒಂದು ಚಮಚ ತುಪ್ಪ ಹಾಕಲಿಲ್ಲ ಎಂದು ಪಾತ್ರೆಗಳಿಗೆ ಹೇಳುತ್ತ ಪಾತ್ರೆ ಬಡಿಯುತ್ತಿದ್ದಳು. ನನಗೂ ಕೊನೆಯ ರೊಟ್ಟಿ ನಿಂತಿತು. ಉಂಡಿಯ ಡಬ್ಬಿಗೆ ಕೈ ಹಾಕಿದರೆ ಆಯಿ ನನ್ನ ಕೈಗೆ ಪಟ್ಟನೆ ಹೊಡೆದಳು. ಸುದ್ದಿ ತಂದ ಕೈಗೇ ಏಟು ಬಿತ್ತಲ್ಲ ಎಂದು ನಾನು ಅಂದೆಲ್ಲ ಉರಿದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಚಿಗವ್ವ ಬಟ್ಟೆಯ ಗಂಟು ಹೊತ್ತು ತೋಟದ ಬಾವಿಗೆ ಹೊರಟಳು. ಬಸುರಿ ಒಬ್ಬಳೇ ಹೋಗಬಾರದು ಎಂದು ಆಯಿ ನನ್ನನ್ನು ಹಿಂದೆ ಅಟ್ಟಿದಳು. ನಾನು ಕಬ್ಬಿನ ಬದುವಿನಲ್ಲಿ ಹೂ ಕೀಳುತ್ತ ತಡಮಾಡಿ ಹೋದೆ. ಚಿಗವ್ವ ಉಳಿದ ಬಟ್ಟೆಗಳನ್ನು ಬದಿಗಿಟ್ಟು, ಹಳೆ ಸೀರೆಯ ತುಂಡುಗಳನ್ನು ಕಲ್ಲಿನ ಮರೆಯಲ್ಲಿ ಬೇರೆಯಾಗಿ ಒಗೆಯುತ್ತಿದ್ದಳು. ಬಸವಣ್ಣನನ್ನು ನಂಬಿದ ನಮ್ಮ ಮನೆಯಲ್ಲಿ ತಿಂಗಳ ದಿನಗಳಲ್ಲಿ ಹೆಂಗಸರು ಹೊರಗೆ ಕೂಡುವ ಪದ್ಧತಿ ಇಲ್ಲ. ಹಾಗಾಗಿ ಅಷ್ಟು ದಿನ ಅವಳಿಗೆ ಮುಚ್ಚಿಡಲು ಸಾಧ್ಯವಾಗಿತ್ತು. ಆ ತುಂಡುಗಳು ಏನೆಂದು ನನಗೆ ಗೊತ್ತಿತ್ತು. ಬಸುರಿಯಾದವಳಿಗೆ ಅವು ಬೇಕಾಗುವುದಿಲ್ಲ ಎಂಬುದೂ ಗೊತ್ತಿತ್ತು. ಅವಳು ತಿರುಗಿ ನನ್ನನ್ನು ನೋಡಿದಳು. ನೀರಿನಲ್ಲಿದ್ದ ಕೈ ಎತ್ತಲಿಲ್ಲ.

"ಯಾರ ಮುಂದೂ ಹೇಳಬ್ಯಾಡ, ತಂಗಿ. ನಾನ ಹೇಳ್ತೇನಿ. ಇನ್ನೊಂದೆರಡ ದಿನ ತಡಿ."

ನಾನು ಹೇಳುವುದಿಲ್ಲ ಎಂದೆ. ಅಂದು ಸಂಜೆ ಅವಳು ತನ್ನ ಪಾಲಿನ ಉಂಡಿಯನ್ನು ಸೆರಗಿನಲ್ಲಿ ಕಟ್ಟಿ ತಂದು ನನಗೆ ಕೊಟ್ಟಳು. ನಾನು ಕೇಳಿರಲಿಲ್ಲ. ಆದರೆ ಮರುದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಹೋಗಿ ನಿಂತೆ. ಅದರ ಮರುದಿನವೂ ನಿಂತೆ. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದೆ, ಅವಳು ಸೆರಗು ಬಿಚ್ಚುತ್ತಿದ್ದಳು. ಹೀಗೆ ಒಂದು ವಾರ ನಡೆಯಿತು. ಇದನ್ನು ನಾನು ನನ್ನ ಗಂಡನಿಗೂ ಹೇಳಿಲ್ಲ, ನನ್ನ ಮಕ್ಕಳಿಗೂ ಹೇಳಿಲ್ಲ. ಎಂಟನೆಯ ದಿನ ಅವಳು ಬರಿಗೈಯಲ್ಲಿ ಬಂದಳು. ಉಂಡಿ ತೀರಿವೆ, ಇವತ್ತೇ ಅತ್ತೆಗೆ ಎಲ್ಲ ಹೇಳಿಬಿಡುತ್ತೇನೆ ಎಂದಳು. ನಾನು ನೆಟ್ಟಗೆ ಪಡಸಾಲೆಗೆ ಹೋಗಿ, ಬತ್ತಿ ಹೊಸೆಯುತ್ತಿದ್ದ ಆಯಿಯ ಕಿವಿಯಲ್ಲಿ, ಅವಳಿಗಿಂತ ಮೊದಲು ಹೇಳಿದೆ.

ಆಯಿ ಕೂಗಾಡಲಿಲ್ಲ. ಕಾಕಾ ಹೊಲದಿಂದ ಬರುವವರೆಗೆ ಕಾದಳು. ಅಪ್ಪ, ಅವ್ವ ಎಲ್ಲರೂ ಇದ್ದಾಗ ಚಿಗವ್ವನನ್ನು ಕರೆದು, ಯಾಕೆ ಸುಳ್ಳಾಡಿದಿ ಎಂದು ಕೇಳಿದಳು. ಸುಳ್ಳು ಆಡಿರಲಿಲ್ಲ, ಸುಮ್ಮನಿದ್ದಳು ಅಷ್ಟೆ. ಅದನ್ನು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಮಣ್ಣು ಯಾಕೆ ತಿಂದಿ ಎಂದು ಆಯಿ ಎರಡನೆಯ ಸಲ ಕೇಳಿದಾಗ ಚಿಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದಳು:

"ಹಸಿವಿ ಆಗ್ತಿತ್ರಿ, ಅತ್ತಿ."

"ಹಸಿವಿ? ಈ ಮನ್ಯಾಗ?"

ಮಕ್ಕಳಾಗದಿದ್ದದ್ದನ್ನು ಆಯಿ ಕ್ಷಮಿಸುತ್ತಿದ್ದಳೇನೋ. ಸುಳ್ಳನ್ನೂ ಕ್ಷಮಿಸುತ್ತಿದ್ದಳೇನೋ. ಹಾದಿಹೋಕರಿಗೆ ಉಣ್ಣಿಸುವ ಮನೆಯ ಸೊಸೆ ಹಸಿದು ಮಣ್ಣು ತಿಂದಳು ಎಂಬ ಮಾತನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಗೂಡಿನಿಂದ ನನ್ನ ಗೊಂಬೆಯನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ಹಾಕಿದಳು. ಸುಡದ ಮಣ್ಣು, ಬೇಗ ಕರಗಿತು. ನಾಳೆಯೇ ಇವಳನ್ನು ತವರಿಗೆ ಬಿಟ್ಟು ಬಾ ಎಂದು ಕಾಕಾನಿಗೆ ಹೇಳಿದಳು. ಅಡುಗೆಮನೆಯಲ್ಲಿ ಅವ್ವ ನನ್ನ ಕಡೆ ತಿರುಗಿ, ಇಷ್ಟು ದಿನ ಅವಳ ಪಾಲಿನ ರೊಟ್ಟಿ ತಿಂದವಳು ನೀನೇ ಅಲ್ಲವೇ ಎಂದಳು. ಬೈಯುವ ದನಿಯಲ್ಲಿ ಅಲ್ಲ, ಈಗಷ್ಟೇ ಲೆಕ್ಕ ಹೊಳೆದವರ ದನಿಯಲ್ಲಿ. ನಾನು ಚಿಗವ್ವನ ಹೆಬ್ಬೆರಳು ನೋಡಿದ್ದೆ, ಹಿಮ್ಮಡಿ ನೋಡಿದ್ದೆ. ಹಸಿವನ್ನು ನೋಡಿರಲಿಲ್ಲ.

ಚಿಗವ್ವನ ತವರು ದಡ್ಡಿ ಎಂಬ ಊರು. ಹೋಗುವಾಗ ಹುಕ್ಕೇರಿಯಲ್ಲಿ ಬಸ್ಸು ಬದಲಿಸಬೇಕು. ಬಸ್‌ಸ್ಟ್ಯಾಂಡಿನಲ್ಲಿ ಚಿಗವ್ವ ಕಣ್ಣಿಗೆ ಕತ್ತಲೆ ಬಂದು ಕೂತುಬಿಟ್ಟಳಂತೆ. ಕಾಕಾ ಅಲ್ಲೇ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಉಗುರು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿದ್ದವರಿಗೆ ಹೀಗೆ ಮಣ್ಣಿನ ಆಸೆ ಹತ್ತುತ್ತದೆ, ಹದಿನೈದು ದಿನ ತುಪ್ಪ ಉಣಿಸಿದರೆ ಹೋಗುವಂಥದ್ದಲ್ಲ ಎಂದರಂತೆ. ಇದನ್ನೆಲ್ಲ ಕಾಕಾ ಮೂರು ದಿನದ ಮೇಲೆ ಒಬ್ಬರೇ ಮರಳಿ ಬಂದು ಪಡಸಾಲೆಯಲ್ಲಿ ನಿಂತು, ಕೂಡದೆ ಹೇಳಿದರು. ತಾಯಿಗೆ ಎದುರು ಮಾತಾಡಿದವರಲ್ಲ ಅವರು. ಅಂದೂ ಎದುರಾಡಲಿಲ್ಲ, ಡಾಕ್ಟರು ಹೇಳಿದ್ದನ್ನಷ್ಟೇ ಹೇಳಿ ತಮ್ಮ ಎರಡು ಅಂಗಿ ತೆಗೆದುಕೊಂಡು ಹೊರಟರು. ಅವ್ವ ತಾಟು ತಂದಿಟ್ಟಿದ್ದಳು, ಅವರು ಅದನ್ನು ದಾಟಿ ಹೋದರು. ಮುಂದೆ ಹಿಡಕಲ್ ಡ್ಯಾಮಿನಲ್ಲಿ ಅವರಿಗೆ ಪಗಾರದ ಕೆಲಸ ಸಿಕ್ಕಿತು, ಕ್ವಾರ್ಟರ್ಸ್ ಸಿಕ್ಕಿತು, ಚಿಗವ್ವನನ್ನು ದಡ್ಡಿಯಿಂದ ಅಲ್ಲಿಗೇ ಕರೆದುಕೊಂಡು ಹೋದರು. ಎರಡು ಹೆಣ್ಣುಮಕ್ಕಳಾದ ಸುದ್ದಿ ಬಂತು. ಕೊಣ್ಣೂರಿನ ಹೊಸ್ತಿಲನ್ನು ಚಿಗವ್ವ ಮತ್ತೆ ತುಳಿಯಲಿಲ್ಲ. ಆಯಿ ಆ ವಿಷಯ ಎಂದೂ ಎತ್ತಲಿಲ್ಲ. ಆದರೆ ಹಿಟ್ಟಿನ ಡಬ್ಬಿಯನ್ನು ಅಡುಗೆಮನೆಗೆ ಸಾಗಿಸಿ, ಅಳತೆಯ ಸೇರನ್ನು ಅವ್ವನ ಕೈಗೆ ಕೊಟ್ಟಳು. ಸಾಯುವ ತನಕ ಪ್ರತಿ ಮಧ್ಯಾಹ್ನ ಅವ್ವನನ್ನು ಕರೆದು, ಉಂಡೆಯಾ ಎಂದು ಕೇಳುತ್ತಿದ್ದಳು. ಉತ್ತರ ಬರುವವರೆಗೆ ಅಡ್ಡಾಗುತ್ತಿರಲಿಲ್ಲ.

ನಾನು ಮೂಡಲಗಿಗೆ ಸೊಸೆಯಾಗಿ ಬಂದೆ. ಮಣ್ಣು ಬಿಡಲಿಲ್ಲ. ಈಗ ನನ್ನ ಗೊಂಬೆಗಳನ್ನು ಕೊಳ್ಳಲು ದೂರದಿಂದ ಜನ ಬರುತ್ತಾರೆ, ರಜೆಯಲ್ಲಿ ಮಕ್ಕಳು ಕಲಿಯಲು ಬರುತ್ತಾರೆ. ಸಂತೆಯಲ್ಲಿ ಮೆಣಸಿನಕಾಯಿ ಅಳೆಯುವವಳು, ಬಸ್ಸಿನ ಮೆಟ್ಟಿಲಲ್ಲಿ ಜೋತುಬಿದ್ದ ಕಂಡಕ್ಟರ್, ಕಬ್ಬಿನ ಗಾಡಿಯ ನೆರಳಲ್ಲಿ ಮಗುವಿಗೆ ಹಾಲೂಡಿಸುವ ತಾಯಿ, ಇವರೆಲ್ಲ ನನ್ನ ಕಪಾಟಿನಲ್ಲಿದ್ದಾರೆ. ಹೊಸದು ಹುಡುಕಿಕೊಂಡು ಎಲ್ಲಿಗೂ ಹೋಗಬೇಡಿ, ನಿಮ್ಮ ಮನೆಯ ಅಡುಗೆಮನೆ ನೋಡಿ, ನಿಮ್ಮ ಓಣಿ ನೋಡಿ ಎಂದು ಮಕ್ಕಳಿಗೆ ನಾನೇ ಹೇಳುತ್ತೇನೆ. ಹೇಳುವಾಗ ಪ್ರತಿ ಸಲವೂ ಹಿತ್ತಲ ಆ ಗಡಿಗೆ ನೆನಪಾಗುತ್ತದೆ. ಮಕ್ಕಳಿಗೆ ಅದು ಗೊತ್ತಾಗುವುದಿಲ್ಲ. ಅವರು ತಲೆ ಅಲ್ಲಾಡಿಸಿ, ನಾನು ಹೇಳಿದಂತೆಯೇ ತಮ್ಮ ತಮ್ಮ ಮನೆಯವರನ್ನು ನೋಡಲು ಓಡುತ್ತಾರೆ.

ಕಾಕಾ ತೀರಿಹೋದ ಮರುವರ್ಷ ನಾನು ಹಿಡಕಲ್‌ಗೆ ಹೋದೆ. ಚಿಗವ್ವ ಹಿರಿಯ ಮಗಳ ಮನೆಯಲ್ಲಿದ್ದಳು, ನಾನು ಹೋದಾಗ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಮೈ ತುಂಬಿತ್ತು, ಮೊಣಕಾಲು ಹಿಡಿದಿದ್ದವು. ನನ್ನನ್ನು ನೋಡಿ ಸಂತೋಷಪಟ್ಟಳು, ಅವ್ವನ ಆರೋಗ್ಯ ಕೇಳಿದಳು, ತಮ್ಮಂದಿರ ಮಕ್ಕಳ ಹೆಸರು ಕೇಳಿದಳು. ಚಹಾ ಆದ ಮೇಲೆ, ಮಗಳು ಹೊರಗೆ ಹೋದ ಹೊತ್ತು ನೋಡಿ, ಬಸ್ಸಿನಲ್ಲಿ ಕೂತು ಹೊಂದಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. ಆಯಿಯ ಕಿವಿಗೆ ಹಾಕಿದವಳು ನಾನು, ಒಂದು ವಾರ ನಿನ್ನ ಉಂಡಿ ತಿಂದು ಆಮೇಲೆ ಹೇಳಿದೆ, ಎಂದೆ. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ ಕೇಳಿಸಿಕೊಂಡಳು.

"ಅದ ನನಗ ಅವತ್ತ ಗೊತ್ತಿತ್ತವ್ವ. ಅದಕ್ಕ ಸಿಟ್ಟಿಲ್ಲ. ನೀ ಹೇಳಿದ್ದಕ್ಕ ನಾ ಆ ಮನಿ ಬಿಟ್ಟ ಹೊರಗ ಬಂದೆ. ಇಲ್ಲಂದ್ರ ಅಲ್ಲೇ ಸಾಯ್ತಿದ್ದೆ."

ಆಮೇಲೆ ನನ್ನ ಮುಖ ನೋಡದೆ ಹೇಳಿದಳು:

"ಆದ್ರ ಆ ಮಂಗಳಾರ ಎಲ್ಲಾರೂ ನಗಾಕತ್ತಾಗ ನೀನೂ ನಕ್ಕಿ. ನನ್ನ ಮಾರಿ ನೋಡಕೋಂತ, ಎಲ್ಲಾರ್ಕಿಂತ ಜೋರ ನಕ್ಕಿ. ಅದೊಂದ ನನಗ ಇನ್ನೂ ಮರ್ಯಾಕ ಆಗಿಲ್ಲ."

ನನಗೆ ಹಾಗೆ ನೆನಪಿರಲಿಲ್ಲ. ನನ್ನ ನೆನಪಿನಲ್ಲಿ ನಗುತ್ತಿದ್ದವರು ಓಣಿಯ ಹೆಂಗಸರು. ನಾನು ಒಂದು ಮೂಲೆಯಲ್ಲಿ ನಿಂತು ನನ್ನ ಗೊಂಬೆಯನ್ನು ನೋಡುತ್ತಿದ್ದೆ. ಇಷ್ಟು ವರ್ಷ ಆ ಪಡಸಾಲೆಯನ್ನು ಎಷ್ಟು ಸಲ ಕಣ್ಣ ಮುಂದೆ ತಂದುಕೊಂಡಿದ್ದೇನೋ, ಪ್ರತಿ ಸಲವೂ ನನ್ನನ್ನು ಆ ನಗೆಯಿಂದ ತೆಗೆದು ಬದಿಗೆ ನಿಲ್ಲಿಸಿದ್ದೆ. ಇಲ್ಲ ಚಿಗವ್ವ, ನಾನು ನಕ್ಕಿರಲಿಲ್ಲ ಎನ್ನಲು ಬಾಯಿ ತೆರೆದೆ. ಅವಳಿಗೆ ಸುಳ್ಳು ಹೇಳುವ ಅಗತ್ಯ ಏನಿತ್ತು? ಬಾಯಿ ಮುಚ್ಚಿದೆ.

ಹೊರಡುವಾಗ ಕೇಳಿದೆ, ಈಗಿನ ನಿನ್ನ ಗೊಂಬೆಯೊಂದನ್ನು ಮಾಡಲೇ, ಹೀಗೆ ಕಟ್ಟೆಯ ಮೇಲೆ ಕೂತದ್ದು, ಚಂದ ಮಾಡುತ್ತೇನೆ ಎಂದು. ತಪ್ಪು ತಿದ್ದಿಕೊಳ್ಳಲು ನನಗೆ ಗೊತ್ತಿದ್ದ ದಾರಿ ಅದೊಂದೇ. ಚಿಗವ್ವ ನನ್ನ ಎರಡೂ ಕೈ ಹಿಡಿದುಕೊಂಡಳು.

"ಬ್ಯಾಡ, ತಂಗಿ. ನನ್ನ ಮಾಡಬ್ಯಾಡ."

ಮಾಡಲಿಲ್ಲ. ಹೋದ ಚಳಿಗಾಲ ಅವಳು ತೀರಿಕೊಂಡಳು. ಅದಕ್ಕೂ ಮೊದಲೇ ನಾನು ಈ ಪುಟಗಳನ್ನು ಬರೆಯಲು ಶುರುಮಾಡಿದ್ದೆ. ಹಿಡಕಲ್ ಇಲ್ಲಿಂದ ಅರ್ಧ ದಿನದ ಹಾದಿ, ಹೋಗಿ, ನಿನ್ನ ಕತೆ ಬರೆಯಲೇ ಎಂದು ಕೇಳಬಹುದಿತ್ತು. ಏನು ಹೇಳುತ್ತಾಳೆಂದು ಗೊತ್ತಿತ್ತು, ಅದಕ್ಕೇ ಹೋಗಲಿಲ್ಲ.